ಕೆಂಪು ಬಣ್ಣದ ಅಡಿಯಲ್ಲಿ ಚಿನ್ನದ ಬಳ್ಳಿ: ಹಳೆಯ ಅಗ್ನಿಶಾಮಕ ವಾಹನದ ಚಿತ್ತಾರವನ್ನು ಏನು ಮಾಡಬೇಕು?

ಹಿತ್ತಾಳೆಗಂಟೆ

1920ರ ದಶಕದ ಒಂದು ಪಂಪ್ ವಾಹನ ನಮ್ಮ ಸಣ್ಣ ಸಂಗ್ರಹಕ್ಕೆ ಬಂದಿದೆ. ಎಂಜಿನ್ ತಿರುಗುತ್ತದೆ, ಪಂಪಿನ ಹಿತ್ತಾಳೆ ಭಾಗಗಳೆಲ್ಲ ಇದ್ದ ಹಾಗೇ ಇವೆ. ಮೈಗೆ ಮಾತ್ರ ಯಾರೋ ಗೋಡೆಗೆ ಬಳಿದಂತೆ ಕೆಂಪು ಬಳಿದಿದ್ದಾರೆ. ಕುಂಚದ ಕೂದಲುಗಳು ಕೂಡ ಅದರಲ್ಲೇ ಅಂಟಿ ಒಣಗಿವೆ. ಬಾನೆಟ್ಟಿನ ಎಡಬದಿಯಲ್ಲಿ ಹೆಬ್ಬೆರಳಿನಷ್ಟು ಜಾಗದ ಬಣ್ಣ ಎದ್ದುಹೋಗಿತ್ತು. ಒದ್ದೆ ಬಟ್ಟೆಯಿಂದ ಒರೆಸಿದಾಗ ಒಳಗೆ ಏನೋ ಮಿನುಗಿತು. ಟಾರ್ಚ್ ಹಿಡಿದು ನೋಡಿದರೆ ಬಳ್ಳಿಯ ಒಂದು ಸುರುಳಿ, ಅದರ ಅಂಚಿಗೆ ಎಳೆಯಷ್ಟೇ ತೆಳ್ಳಗಿನ ಕಪ್ಪು ಗೆರೆ. ಮೇಲಿನ ಪದರ ಎಷ್ಟು ದಪ್ಪವಿದೆಯೋ, ಒಳಗಿನದು ಎಷ್ಟು ಉಳಿದಿದೆಯೋ ಗೊತ್ತಿಲ್ಲ.

ಪರಿಚಯದವರೊಬ್ಬರು ಮರಳು ಸಿಡಿಸಿ ಒಂದೇ ಮಧ್ಯಾಹ್ನದಲ್ಲಿ ತಗಡಿನವರೆಗೂ ಸ್ವಚ್ಛ ಮಾಡಿಕೊಡುತ್ತೇನೆ, ಬಳ್ಳಿಯನ್ನು ಆಮೇಲೆ ಸ್ಟಿಕ್ಕರಿನಲ್ಲಿ ಹಾಕಿಸಿದರಾಯಿತು ಎನ್ನುತ್ತಿದ್ದಾರೆ. ಮುಂದಿನ ವಾರ ಯಂತ್ರ ತರುತ್ತಾರಂತೆ. ಒಪ್ಪಲೇ?

ಸುರುಳಿಬಳ್ಳಿ

ಬೇಡ. ಯಂತ್ರ ಅಲ್ಲೇ ಇರಲಿ, ಅವರಿಗೆ ಬೇರೆ ಕೆಲಸ ಹೇಳಿ ಕಳಿಸಿ.

ಮೂವತ್ತು ವರ್ಷ ಫಲಕ ಬರೆದು ಬದುಕಿದವನು ನಾನು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬುದನ್ನು ಮರಳು ಸಿಡಿಸುವ ಯಂತ್ರದ ಮೇಲೆಯೇ ಕೆತ್ತಿಸಬೇಕು. ಆ ಕಪ್ಪು ಅಂಚುಗೆರೆ ಇದೆ ಎಂದಿರಲ್ಲ, ಅದೇ ಮುಖ್ಯ ಸುಳಿವು. ಚಿನ್ನದ ರೇಕು ಅಂಟಿಸಿದ ಮೇಲೆ ಅದರ ಒರಟು ಅಂಚನ್ನು ಮುಚ್ಚಲು ಚಿತ್ರಕಾರ ಆ ಗೆರೆಯನ್ನು ಎಳೆಯುತ್ತಿದ್ದ. ಅಂದರೆ ನಿಮ್ಮಲ್ಲಿ ಕೈಯಿಂದ ಮಾಡಿದ ಕೆಲಸವೇ ಇರಬಹುದು. ಇರಬಹುದು ಎನ್ನುತ್ತೇನೆ, ಏಕೆಂದರೆ ಆ ಕಾಲದಲ್ಲಿ ಅಚ್ಚೊತ್ತಿದ ಚಿತ್ರಗಳನ್ನು ನೀರಿನಲ್ಲಿ ನೆನೆಸಿ ಜಾರಿಸಿ ಅಂಟಿಸುವ ಪದ್ಧತಿಯೂ ಇತ್ತು. ಭೂತಗನ್ನಡಿಯಲ್ಲಿ ನೋಡಿ. ಅಚ್ಚಾದರೆ ಎಡಬಲ ಎರಡೂ ಬದಿ ಕನ್ನಡಿಯಲ್ಲಿ ಕಂಡಂತೆ ಒಂದೇ ಇರುತ್ತವೆ. ಕೈಯಾದರೆ ಒಂದಲ್ಲ ಒಂದು ಎಲೆ ದಾರಿ ತಪ್ಪಿರುತ್ತದೆ.

ಈಗ ಮಾಡಬೇಕಾದದ್ದು ಒಂದೇ. ರಾತ್ರಿ ದೀಪಗಳನ್ನೆಲ್ಲ ಆರಿಸಿ, ಟಾರ್ಚನ್ನು ತಗಡಿಗೆ ಬಹುತೇಕ ತಾಗಿಸಿ ಅಡ್ಡಲಾಗಿ ಹಿಡಿಯಿರಿ. ಮೇಲೆ ಬಣ್ಣ ಬಳಿದಿದ್ದರೂ ಸಾಮಾನ್ಯವಾಗಿ ಅಡಿಯಲ್ಲಿರುವ ಅಕ್ಷರ ಮತ್ತು ಗೆರೆಗಳ ಉಬ್ಬು ನೆರಳಾಗಿ ಕಾಣುತ್ತದೆ. ಕಂಡದ್ದನ್ನೆಲ್ಲ ಪಾರದರ್ಶಕ ಹಾಳೆಯ ಮೇಲೆ ನಕಲು ಮಾಡಿ. ಒಂದು ಸ್ಥಿರ ಗುರುತಿನಿಂದ, ಉದಾಹರಣೆಗೆ ಬಾನೆಟ್ಟಿನ ಕೀಲಿನಿಂದ, ಅಳತೆಗಳನ್ನು ಬರೆದುಕೊಳ್ಳಿ. ಅದಾಗುವವರೆಗೆ ಉಗುರನ್ನೂ ತಾಗಿಸಬೇಡಿ.

ನಾಲ್ಕುಸಿಲಿಂಡರ್

ಒಂದು ವಿರುದ್ಧ ಮಾತನ್ನೂ ಕೇಳಿ. ಅದು ವಾಹನ, ಗರ್ಭಗುಡಿಯಲ್ಲ. ಮೂವತ್ತು ನಲವತ್ತು ವರ್ಷ ಮಳೆಯಲ್ಲೂ ಹೊಗೆಯಲ್ಲೂ ದುಡಿದಿದೆ. ಅದನ್ನು ಬಳಸಿದವರೇ ಬೇಕಾದಾಗ ಹೊಸ ಬಣ್ಣ ಬಳಿದಿದ್ದಾರೆ. ನೀವು ಒರಟು ಎಂದ ಆ ಕೆಂಪೂ ಅದರ ಚರಿತ್ರೆಯೇ ಅಲ್ಲವೇ? ಮೊದಲ ಪದರ ಮಾತ್ರ ಅಸಲಿ, ಉಳಿದದ್ದೆಲ್ಲ ಕೊಳೆ ಎಂದು ತೀರ್ಪು ಕೊಟ್ಟವರು ಯಾರು?

ಬಾನೆಟ್ಟಿನ ಒಳಭಾಗಕ್ಕೆ ತುಕ್ಕು ಹಿಡಿದಿದ್ದರೆ ಚಿನ್ನ ಉಳಿಸಿ ತಗಡು ಕಳೆದುಕೊಳ್ಳುತ್ತೀರಿ. ಮೊದಲು ಅದನ್ನು ನೋಡಿ.

ಸೂಕ್ಷ್ಮದರ್ಶಕ

ನಾಲ್ಕುಸಿಲಿಂಡರ್ ಅವರ ಪ್ರಶ್ನೆ ನ್ಯಾಯವಾದದ್ದು. ಸಂರಕ್ಷಣೆಯ ಕೆಲಸದಲ್ಲಿರುವ ನಮಗೂ ಅದಕ್ಕೆ ಸಿದ್ಧ ಉತ್ತರವಿಲ್ಲ. 1964ರ ವೆನಿಸ್ ಸನ್ನದು ಸ್ಮಾರಕಗಳನ್ನು ಕುರಿತದ್ದಾದರೂ ಅದರ ಒಂಬತ್ತನೆಯ ವಿಧಿ ಇಲ್ಲಿಗೂ ಸಲ್ಲುತ್ತದೆ: ಊಹೆ ಶುರುವಾಗುವಲ್ಲಿ ಜೀರ್ಣೋದ್ಧಾರ ನಿಲ್ಲಬೇಕು. ಹಳೆಯ ವಾಹನಗಳಿಗಾಗಿಯೇ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ 2012ರಲ್ಲಿ ಟ್ಯೂರಿನ್ ಸನ್ನದನ್ನು ಒಪ್ಪಿಕೊಂಡಿತು. ಅದೂ ವಾಹನ ದುಡಿದ ಕಾಲದ ಗುರುತುಗಳನ್ನು ಗೌರವಿಸಿ ಎನ್ನುತ್ತದೆ. ಆದ್ದರಿಂದ ಮೇಲಿನ ಕೆಂಪನ್ನು ಪೂರ್ತಿ ಅಳಿಸುವ ಮೊದಲು ಅದರ ಒಂದು ಪಟ್ಟಿಯನ್ನಾದರೂ, ಸೀಟಿನ ಹಿಂದೆ ಎಲ್ಲಾದರೂ ಸರಿ, ಮುಟ್ಟದೆ ಬಿಡಿ.

ಇನ್ನು ಕೆಲಸದ ಮಾತು. ಆ ಕಾಲದ ಬಣ್ಣದಲ್ಲಿ ಸೀಸ ಇದ್ದೇ ಇರುತ್ತದೆ ಎಂದುಕೊಂಡೇ ಹೊರಡಿ. ಪ್ರೈಮರಿನಲ್ಲಿ ಕೆಂಪು ಸೀಸ, ಹಳದಿ ಗೆರೆಗಳಲ್ಲಿ ಸೀಸದ ಕ್ರೋಮೇಟ್, ಬಿಳಿಯಲ್ಲಿ ಬಿಳಿ ಸೀಸ. ಇನ್ನೂ ಹಳೆಯದಾದರೆ ಕೆಂಪು ಸ್ವತಃ ಇಂಗಳೀಕವಾಗಿರಬಹುದು, ಅಂದರೆ ಪಾದರಸದ ಸಲ್ಫೈಡ್. ಒಣ ಉಜ್ಜುಕಾಗದ ಬೇಡ, ಬೆಂಕಿಯ ಜ್ವಾಲೆ ಬೇಡ, ಬಿಸಿಗಾಳಿಯ ಗನ್ ಬೇಡ. ದೂಳಿನ ಸೂಕ್ಷ್ಮ ಕಣಗಳನ್ನು ತಡೆಯುವ ಮುಖವಾಡ ಧರಿಸಿ. ಕೆಲಸದ ಬಟ್ಟೆಯನ್ನು ಮನೆಯೊಳಗೆ ತರಬೇಡಿ, ಮಕ್ಕಳಿದ್ದರೆ ಇನ್ನೂ ಎಚ್ಚರ. ಮರಳು ಸಿಡಿಸಿದ್ದರೆ ಈ ಸೀಸವೆಲ್ಲ ಒಂದೇ ಮಧ್ಯಾಹ್ನದಲ್ಲಿ ನಿಮ್ಮ ಅಂಗಳದ ತುಂಬ ಹರಡುತ್ತಿತ್ತು.

ಪದರಗಳನ್ನು ಓದಲು ಯಾರಿಗೂ ಕಾಣದ ಜಾಗದಿಂದ ಸಾಸಿವೆಯಷ್ಟು ಚೂರು ತೆಗೆದು, ರಾಳದಲ್ಲಿ ಹುದುಗಿಸಿ, ಅಡ್ಡಲಾಗಿ ನಯಗೊಳಿಸಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಸಾಕು. ಪ್ರೈಮರ್, ತಳಬಣ್ಣ, ಕೆಂಪು, ವಾರ್ನಿಷ್, ಕೊಳೆಯ ಕಪ್ಪು ಗೆರೆ, ಮತ್ತೆ ಕೆಂಪು, ಎಲ್ಲ ಸಾಲಾಗಿ ಕಾಣುತ್ತವೆ. ಎರಡು ಬಣ್ಣಗಳ ನಡುವೆ ಕೊಳೆಯ ಗೆರೆ ಇದ್ದರೆ ವಾಹನ ಅಷ್ಟು ಕಾಲ ಆ ಬಣ್ಣದಲ್ಲೇ ಓಡಾಡಿದೆ ಎಂದರ್ಥ. ಗೆರೆ ಇಲ್ಲದಿದ್ದರೆ ಎರಡೂ ಒಂದೇ ಸಲ ಹಚ್ಚಿದವಾಗಿರಬಹುದು. ನೇರಳಾತೀತ ದೀಪವೂ ಸಹಾಯ ಮಾಡುತ್ತದೆ: ಅರಗಿನಿಂದ ಮಾಡಿದ ಶೆಲ್ಯಾಕ್ ಕಿತ್ತಳೆಯಾಗಿ ಬೆಳಗುತ್ತದೆ, ಹಳೆಯ ರಾಳದ ವಾರ್ನಿಷ್ ಹಸಿರು ಛಾಯೆಯಲ್ಲಿ.

ಮೇಲಿನ ಪದರ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಎಂಬ ಬೇಗ ಒಣಗುವ ಬಣ್ಣವಾಗಿದ್ದರೆ ನಿಮ್ಮ ಅದೃಷ್ಟ. ಎಷ್ಟೇ ವರ್ಷವಾಗಿದ್ದರೂ ಅಸಿಟೋನ್ ಎಂಬ ದ್ರಾವಕಕ್ಕೆ ಕರಗುತ್ತದೆ. ಅಡಿಯ ಎಣ್ಣೆಬಣ್ಣ ಅಷ್ಟು ಬೇಗ ಕರಗುವುದಿಲ್ಲ, ಆದರೆ ಉಬ್ಬಿ ಮೆತ್ತಗಾಗುತ್ತದೆ. ಹತ್ತಿಯ ಕಡ್ಡಿಯಲ್ಲಿ ಚೂರೇ ಚೂರು ದ್ರವ, ಅಂಚೆಚೀಟಿಯಷ್ಟು ಜಾಗ, ಒಂದು ಸಲ ಉರುಳಿಸಿ ನಿಲ್ಲಿಸಿ. ಹತ್ತಿಗೆ ಚಿನ್ನ ಹತ್ತಿದರೆ ಅಲ್ಲಿಗೇ ಬಿಟ್ಟುಬಿಡಿ.

ಹಿತ್ತಾಳೆಗಂಟೆ

ಮರಳಿನವರಿಗೆ ಬೇಡವೆಂದೆ. ಸ್ವಲ್ಪ ಮುನಿಸಿಕೊಂಡಿದ್ದಾರೆ.

ಟಾರ್ಚಿನ ಉಪಾಯ ಮಾಡಿ ನೋಡಿದೆ. ಮೈ ಜುಮ್ಮೆಂದಿತು. ಹಗಲಿನಲ್ಲಿ ಬರೀ ಕೆಂಪಾಗಿದ್ದ ತಗಡಿನ ಮೇಲೆ ಇಡೀ ಬಳ್ಳಿ, ಎರಡು ಸಾಲು ಗೆರೆ, ಮೂಲೆಗಳಲ್ಲಿ ಗಂಟು ಹಾಕಿದಂಥ ಅಲಂಕಾರ ಎಲ್ಲವೂ ಎದ್ದುಬಂದವು. ಎರಡು ರಾತ್ರಿ ಕೂತು ನಕಲು ಮಾಡಿದೆ. ಎಡದ ಹಾಳೆಯನ್ನು ತಿರುವಿ ಬಲದ ಮೇಲೆ ಇಟ್ಟರೆ ಹೊಂದುವುದೇ ಇಲ್ಲ. ಬಲಬದಿಯ ಬಳ್ಳಿಯಲ್ಲಿ ಒಂದು ಎಲೆ ಕಡಿಮೆ ಇದೆ! ಆದ್ದರಿಂದ ಕೈಕೆಲಸವೇ. ತಗಡಿನ ಒಳಮೈಗೆ ಮೇಲ್ಮೇಲಿನ ತುಕ್ಕು ಮಾತ್ರ, ತೂತಿಲ್ಲ.

ಮೇಲಿನ ಬಣ್ಣ ಅಸಿಟೋನಿಗೆ ಕರಗುತ್ತದೆ. ನಾಲ್ಕು ಅಂಚೆಚೀಟಿಯಷ್ಟು ಜಾಗ ತೆರೆದಿದ್ದೇನೆ. ಹಳೆಯ ವಾರ್ನಿಷ್ ಇರುವ ಕಡೆ ಮೇಲಿನ ಕೆಂಪು ತಾನಾಗಿಯೇ ಸಿಪ್ಪೆಯಂತೆ ಬಿಡುತ್ತದೆ.

ಹೊಸ ತಲೆನೋವು: ಸೀಟಿನ ಪಕ್ಕದ ಫಲಕದಲ್ಲಿ 7 ಎಂಬ ಅಂಕಿ ಇತ್ತು. ಅದರ ಅಡಿಯಲ್ಲಿ ಇನ್ನೂ ಸೊಗಸಾದ 3 ಇದೆ, ನೆರಳಿನ ಸಮೇತ. 7 ಕೂಡ ಚಿನ್ನದ್ದೇ. ಒಂದನ್ನು ತೋರಿಸಬೇಕಾದರೆ ಇನ್ನೊಂದನ್ನು ಕೊಲ್ಲಬೇಕು.

ನಾಲ್ಕುಸಿಲಿಂಡರ್

ನಾನು ಹೇಳಿದ್ದು ಇದನ್ನೇ. ಈಗ ಹೇಳಿ, ಯಾವುದು ಅಸಲಿ?

ಕಾಗದದಹುಳು

ಅಂಕಿಯ ವಿಷಯ ಆಮೇಲೆ. ಬೆಂಕಿ ಆರಿಸುವ ಯಂತ್ರಕ್ಕೆ ಇಷ್ಟೊಂದು ಶೃಂಗಾರ ಯಾಕೆ ಎಂಬುದನ್ನು ತಿಳಿದರೆ ನಿರ್ಧಾರ ಸುಲಭವಾಗಬಹುದು.

ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಅಮೆರಿಕದ ನಗರಗಳಲ್ಲಿ ಬೆಂಕಿ ಆರಿಸುತ್ತಿದ್ದವರು ಸಂಬಳವಿಲ್ಲದ ಸ್ವಯಂಸೇವಕ ತಂಡಗಳು. ಕೈಯಿಂದ ಒತ್ತುವ ಪಂಪು, ಅದನ್ನು ಎಳೆಯುವವರೂ ಅವರೇ. ತಂಡ ತಂಡಗಳ ನಡುವೆ ಪೈಪೋಟಿ ಎಷ್ಟಿತ್ತೆಂದರೆ ಬೆಂಕಿಯ ಮುಂದೆಯೇ ಹೊಡೆದಾಡಿಕೊಳ್ಳುತ್ತಿದ್ದರು. ಯಂತ್ರ ಅವರ ಮಾನದ ಪ್ರಶ್ನೆ. ಫಿಲಡೆಲ್ಫಿಯದ ಜಾನ್ ಆರ್ಚಿಬಾಲ್ಡ್ ವುಡ್‌ಸೈಡ್, 1781ರಿಂದ 1852ರವರೆಗೆ ಬದುಕಿದ್ದ ಚಿತ್ರಕಾರ, ಅಂಗಡಿಗಳ ಫಲಕಗಳ ಜೊತೆಗೆ ಈ ಯಂತ್ರಗಳ ಮರದ ಫಲಕಗಳಿಗೂ ದೇವತೆಗಳ, ವೀರರ ಚಿತ್ರ ಬರೆದು ಹೆಸರಾದವನು. ಅಂಥ ಫಲಕಗಳನ್ನು ಮೆರವಣಿಗೆಗೆ ಸಿಕ್ಕಿಸಿ ಬೆಂಕಿಗೆ ಹೋಗುವಾಗ ಕಳಚಿಡುತ್ತಿದ್ದದ್ದೂ ಉಂಟು. ಅದಕ್ಕೇ ಕೆಲವು ಇಂದಿಗೂ ಉಳಿದಿವೆ.

ನ್ಯೂಯಾರ್ಕಿನ ಅಮೆರಿಕಸ್ ಆರನೇ ತಂಡದ ಯಂತ್ರದ ಮೇಲೆ ಹುಲಿಯ ಮುಖವಿತ್ತು. ಆ ತಂಡದ ಮುಖ್ಯಸ್ಥನಾಗಿದ್ದ ವಿಲಿಯಂ ಟ್ವೀಡ್ ಮುಂದೆ ಆ ನಗರದ ಟ್ಯಾಮನಿ ಹಾಲ್ ಎಂಬ ರಾಜಕೀಯ ಕೂಟದ ಧಣಿಯಾದ. 1871ರಲ್ಲಿ ವ್ಯಂಗ್ಯಚಿತ್ರಕಾರ ಥಾಮಸ್ ನಾಸ್ಟ್ ಅದೇ ಹುಲಿಯನ್ನು ಟ್ಯಾಮನಿಯ ಭ್ರಷ್ಟತೆಯ ಗುರುತಾಗಿ ಬರೆದ. ಪಂಪಿನ ಮೇಲಿದ್ದ ಚಿತ್ರ ಪತ್ರಿಕೆಗೆ ಹಾರಿ ಯಜಮಾನನನ್ನೇ ಕಚ್ಚಿತು.

ಸಿನ್ಸಿನಾಟಿಯಲ್ಲಿ 1853ರಲ್ಲಿ, ನ್ಯೂಯಾರ್ಕಿನಲ್ಲಿ 1865ರಲ್ಲಿ, ಫಿಲಡೆಲ್ಫಿಯದಲ್ಲಿ 1871ರಲ್ಲಿ ಸಂಬಳದ ದಳಗಳು ಬಂದವು. ದೇವತೆಗಳು ಇಳಿದುಹೋದರು. ಬಳ್ಳಿ, ಅಂಚುಗೆರೆ, ಚಿನ್ನದ ಅಂಕಿ ಮಾತ್ರ ಉಳಿದವು. ನಿಮ್ಮ ಬಾನೆಟ್ಟಿನ ಮೇಲಿರುವುದು ಆ ವೈಭವದ ಕೊನೆಯ ತುಣುಕು. ಅಂಕಿ ಎಂದರೆ ತಂಡದ ಹೆಸರು. 3 ಹೋಗಿ 7 ಬಂದಿದೆ ಎಂದರೆ ವಾಹನ ಒಂದು ಠಾಣೆಯಿಂದ ಇನ್ನೊಂದಕ್ಕೆ ಹೋಗಿರಬಹುದು, ಠಾಣೆಗಳಿಗೇ ಹೊಸ ಸಂಖ್ಯೆ ಕೊಟ್ಟಿರಲೂಬಹುದು. ದಾಖಲೆ ಹುಡುಕದೆ 7ನ್ನು ಅಳಿಸಬೇಡಿ.

ಹಳೆಯ ಛಾಯಾಚಿತ್ರ ಸಿಕ್ಕರೆ ಒಂದು ಎಚ್ಚರಿಕೆ. ಆಗ ಸಾಮಾನ್ಯವಾಗಿದ್ದ ಆರ್ಥೋಕ್ರೋಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುವುದಿಲ್ಲ. ಕೆಂಪು ವಾಹನ ಕಪ್ಪಗೆ ಬೀಳುತ್ತದೆ, ನೀಲಿ ಬೆಳ್ಳಗೆ. ಚಿತ್ರ ನೋಡಿ "ನಮ್ಮದು ಮೊದಲು ಕಪ್ಪಾಗಿತ್ತು" ಎಂದು ಕಪ್ಪು ಬಳಿದವರನ್ನು ಕಂಡಿದ್ದೇನೆ.

ಸೂಕ್ಷ್ಮದರ್ಶಕ

ಬಣ್ಣದ ಮಾತು ಬಂದದ್ದರಿಂದ ಒಂದು ಸೇರ್ಪಡೆ. ತೆರೆದ ಜಾಗದಲ್ಲಿ ಕಂಡ ಕೆಂಪನ್ನು ಹಾಗೇ ನಕಲು ಮಾಡಬೇಡಿ. ಅದರ ಮೇಲೆ ಹಳದಿಗಟ್ಟಿದ ವಾರ್ನಿಷ್ ಇದೆ. ಹಾಗೆ ಹಳದಿಗಟ್ಟಿದರೆ ಬಿಳಿ ಗೆರೆ ಕೆನೆಯಾಗಿ, ನೀಲಿ ಹಸಿರಾಗಿ ಕಾಣುತ್ತದೆ. ಸಾರೋಟು ಬಣ್ಣಗಾರರ ಕೈಯಲ್ಲಿ ಕೆಂಪು ಒಂದೇ ಬಣ್ಣವಾಗಿರಲಿಲ್ಲ. ಇಂಗಳೀಕದ ತಳದ ಮೇಲೆ ಕಾರ್ಮೈನ್ ಎಂಬ ಪಾರದರ್ಶಕ ಕಡುಗೆಂಪು ಹಚ್ಚುತ್ತಿದ್ದರು. ಆ ಆಳ ಒಂದೇ ಡಬ್ಬದ ಬಣ್ಣದಿಂದ ಬರುವುದಿಲ್ಲ. ವಾರ್ನಿಷ್ ತೆಗೆದ ಚೂರೇ ಜಾಗವನ್ನು ಹಗಲಿನ ಬೆಳಕಿನಲ್ಲಿ ಮನ್ಸೆಲ್ ಎಂಬ, ಪ್ರತಿ ಛಾಯೆಗೂ ಸಂಖ್ಯೆಯಿರುವ ಬಣ್ಣದ ಚೀಟಿಗಳೊಂದಿಗೆ ಹೋಲಿಸಿ ಸಂಖ್ಯೆ ಬರೆದಿಡಿ. ಫೋಟೋದ ಬಣ್ಣವನ್ನು ನಂಬಬೇಡಿ.

ತೆರೆದ ಚಿತ್ತಾರವನ್ನು ಪ್ಯಾರಾಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳದ ತೆಳುಪದರದಿಂದ ಮುಚ್ಚಿ, ಹೋದ ಭಾಗವನ್ನು ಅದರ ಮೇಲೆ ತುಂಬಬಹುದು. ನಾಳೆ ಬೇಡವೆಂದರೆ ಮೇಲಿನದಷ್ಟೇ ಹೋಗುತ್ತದೆ.

ನಾಲ್ಕುಸಿಲಿಂಡರ್

ಬಾನೆಟ್ ಎಂದರೆ ಅಡಿಯಲ್ಲಿ ಎಂಜಿನ್ ಇರುತ್ತದೆ ಎಂಬುದನ್ನು ಯಾರಾದರೂ ನೆನಪಿಟ್ಟಿದ್ದೀರಾ? ಹದಿನೈದು ನಿಮಿಷ ಪಂಪ್ ಓಡಿಸಿ ಕೈಯಿಡಿ, ತೆಗೆಯುತ್ತೀರಿ. ಆ ರಾಳ ಎಷ್ಟು ಬಿಸಿ ತಾಳುತ್ತದೆ?

ಸೂಕ್ಷ್ಮದರ್ಶಕ

ಸೋತೆ. ಬಿ-72 ಸುಮಾರು 40 ಡಿಗ್ರಿ ಸೆಲ್ಸಿಯಸ್‌ಗೇ ಮೆತ್ತಗಾಗಲು ಶುರುವಾಗುತ್ತದೆ, ದೂಳೆಲ್ಲ ಅಂಟುತ್ತದೆ. ವಸ್ತುಸಂಗ್ರಹಾಲಯದ ತಂಪು ಕೋಣೆಯ ಅಭ್ಯಾಸ ನನ್ನ ಬಾಯಿಂದ ಮಾತಾಡಿಸಿತು. ಬಾನೆಟ್ಟಿಗೆ ಅದೇ ಜಾತಿಯ ಬಿ-44 ರಾಳ ವಾಸಿ, ಅದು ಸುಮಾರು 60 ಡಿಗ್ರಿಯವರೆಗೆ ತಾಳುತ್ತದೆ. ಅದಕ್ಕಿಂತ ಬಿಸಿಯಾಗುವಷ್ಟು ಹೊತ್ತು ಓಡಿಸುವುದಾದರೆ ಚಿತ್ತಾರವಿರುವ ಬದಿಯ ತಗಡನ್ನು ಕಳಚಿಡುವುದೇ ಕ್ಷೇಮ.

ನಾಲ್ಕುಸಿಲಿಂಡರ್

ಫಿಲಡೆಲ್ಫಿಯದವರೂ ಅದನ್ನೇ ಮಾಡುತ್ತಿದ್ದರು ಎಂದಾಯಿತು.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಬರೀ ವಾದಿ ಎಂದುಕೊಳ್ಳುತ್ತೀರಿ. ಕೆಲವು ವರ್ಷಗಳ ಹಿಂದೆ ಒಂದು ಏಣಿಬಂಡಿಗೆ ಚಿನ್ನದ ಬದಲು ಕಂಚಿನ ಪುಡಿಯ ಬಣ್ಣದಲ್ಲಿ ಗೆರೆ ಎಳೆದೆ. ಮೊದಲ ತಿಂಗಳು ಮದುವಣಗಿತ್ತಿ. ಎರಡನೆಯ ಮಳೆಗಾಲ ಮುಗಿಯುವಷ್ಟರಲ್ಲಿ ತಂಬಾಕಿನ ಕಲೆಯಂತೆ ಕಂದಾಗಿತ್ತು. ಆಮೇಲೆ ಹಟಕ್ಕೆ ನಿಜವಾದ ಚಿನ್ನ ತಂದು ಅಂಟಿಸಿ, ಮೂರನೆಯ ದಿನವೇ ಮೇಲೆ ಲ್ಯಾಕರ್ ಸಿಂಪಡಿಸಿದೆ. ಕಣ್ಣೆದುರಿಗೇ ಅಕ್ಷರಗಳೆಲ್ಲ ಒಣದ್ರಾಕ್ಷಿಯಂತೆ ಸುಕ್ಕುಗಟ್ಟಿದವು. ಯಾಕೆ ಹಾಗಾಯಿತು?

ಸುರುಳಿಬಳ್ಳಿ

ಅಂಟು ಒಣಗಿರಲಿಲ್ಲ, ಅಷ್ಟೇ. ಲ್ಯಾಕರಿನ ತೀಕ್ಷ್ಣ ದ್ರಾವಕ ಅರೆಬೆಂದ ಎಣ್ಣೆಯಂಟಿನೊಳಗೆ ನುಗ್ಗಿ ಅದನ್ನು ಉಬ್ಬಿಸಿತು. ಮೊದಲನೆಯದು ಬೇಗಡೆಯ ಬುದ್ಧಿ: ಕಂಚಿನ ಪುಡಿಯಲ್ಲೂ ನಕಲಿ ರೇಕಿನಲ್ಲೂ ಇರುವುದು ತಾಮ್ರ ಮತ್ತು ಸತು, ಗಾಳಿ ತಾಗಿದರೆ ಕಂದುವುದೇ ಅದರ ಗುಣ.

ಇಲ್ಲಿ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ, ಕೈಕೆಲಸದ ಈ ಭಾಗವನ್ನು ಯಾರೂ ಸರಿಯಾಗಿ ಹೇಳಿಕೊಡುವುದಿಲ್ಲ. ಹೊರಗಿನ ಕೆಲಸಕ್ಕೆ 23 ಕ್ಯಾರಟ್ ರೇಕು ಬೇಕು. ಅದು ಪುಸ್ತಕದಂತೆ ಕಟ್ಟಿ ಬರುತ್ತದೆ, ಪುಸ್ತಕವೊಂದಕ್ಕೆ 25 ಎಲೆ, ಪ್ರತಿ ಎಲೆ ಸುಮಾರು 8 ಸೆಂಟಿಮೀಟರ್ ಚೌಕ, ದಪ್ಪ ಒಂದು ಮೈಕ್ರಾನಿನ ಹತ್ತನೇ ಒಂದು ಭಾಗದಷ್ಟು. ಉಸಿರು ಬಿಟ್ಟರೆ ಹಾರುತ್ತದೆ. ಹೊಸ ಕೆಂಪು ಪೂರ್ತಿ ಒಣಗಿದ ಮೇಲೂ ಅದಕ್ಕೆ ಕಾಣದಷ್ಟು ಜಿಗುಟು ಇರುತ್ತದೆ. ಎಲ್ಲಿ ಬೇಡವೋ ಅಲ್ಲೆಲ್ಲ ಚಿನ್ನ ಹಿಡಿಯುತ್ತದೆ. ಅದಕ್ಕೇ ಮೊಟ್ಟೆಯ ಬಿಳಿಯನ್ನು ನೀರಿನಲ್ಲಿ ಕದಡಿ ತೆಳುವಾಗಿ ಒರೆಸಬೇಕು, ಇಲ್ಲವೇ ಸೀಮೆಸುಣ್ಣದ ನಯವಾದ ಪುಡಿ ತಟ್ಟಬೇಕು. ನಕ್ಷೆಯ ಕಾಗದಕ್ಕೆ ಗೆರೆಯುದ್ದಕ್ಕೂ ಸೂಜಿಯಿಂದ ರಂಧ್ರ ಹೊಡೆದು, ಪುಡಿಯ ಚೀಲ ತಟ್ಟಿದರೆ ಚುಕ್ಕೆಗಳಾಗಿ ಬಳ್ಳಿ ಇಳಿಯುತ್ತದೆ.

ಆಮೇಲೆ ಅಂಟು. ಬೇಗ ಒಣಗುವ ಅಂಟು ಒಂದೆರಡು ಗಂಟೆಯಲ್ಲಿ ಸಿದ್ಧ, ನಿಧಾನದ್ದಕ್ಕೆ ಒಂದು ರಾತ್ರಿ ಬೇಕು. ಹೊಳಪು ಬೇಕೆಂದರೆ ನಿಧಾನದ್ದೇ, ಅದು ಹರಡಿ ಸಮವಾಗಲು ಸಮಯ ಸಿಗುತ್ತದೆ. ಹದ ತಿಳಿಯುವುದು ಬೆರಳ ಗೆಣ್ಣಿನಿಂದ: ತಾಗಿಸಿ ತೆಗೆದಾಗ "ಟಿಕ್" ಎಂಬ ಸಣ್ಣ ಸದ್ದು ಬರಬೇಕು, ಗೆಣ್ಣಿಗೆ ಅಂಟು ಮೆತ್ತಿರಬಾರದು. ಬೇಗ ಹಾಕಿದರೆ ಚಿನ್ನ ಮುಳುಗಿ ಮಂಕಾಗುತ್ತದೆ, ತಡವಾದರೆ ಹಿಡಿಯುವುದೇ ಇಲ್ಲ. ಎಲೆಯ ಮೇಲೆ ಎಲೆ ಚೂರು ಏರುವಂತೆ ಹಾಸಿ, ಹತ್ತಿಯಿಂದ ಮೆಲ್ಲಗೆ ಒತ್ತಬೇಕು.

ಅಗ್ನಿಶಾಮಕ ವಾಹನಗಳ ದೊಡ್ಡ ಅಕ್ಷರಗಳಲ್ಲಿ ಬೆಳಕು ಸುತ್ತುತ್ತಿರುವಂತೆ ವೃತ್ತಗಳು ಕಾಣುತ್ತವಲ್ಲ, ಅದು ಈ ಹಂತದ್ದು. ಮಖಮಲ್ಲಿನಲ್ಲಿ ಹತ್ತಿ ಕಟ್ಟಿದ ಗುಂಡಿಯನ್ನು ಚಿನ್ನದ ಮೇಲಿಟ್ಟು ಒಂದೇ ಒತ್ತಡದಲ್ಲಿ ತಿರುಗಿಸುವುದು, ಮುಂದಿನದನ್ನು ಅರ್ಧ ಏರಿಸಿ ಮತ್ತೆ ತಿರುಗಿಸುವುದು. ಬಳ್ಳಿಯ ಎಲೆಗಳಿಗೆ ಉಬ್ಬು ಕೊಡಲು ಆಸ್ಫಾಲ್ಟಮ್ ಎಂಬ ಕಂದು ರಾಳವನ್ನು ವಾರ್ನಿಷಿನಲ್ಲಿ ತೆಳ್ಳಗೆ ಮಾಡಿ ಒಂದು ಬದಿಗೆ ನೆರಳು ಹಚ್ಚುತ್ತಿದ್ದರು. ಹಿತ್ತಾಳೆಗಂಟೆಯವರೇ, ನಿಮ್ಮ ಎಲೆಗಳ ಒಂದು ಅಂಚು ಕಂದಾಗಿದ್ದರೆ ಕೊಳೆ ಎಂದು ಒರೆಸೀರಿ, ಜೋಕೆ! ಅದು ನೆರಳು.

ಚಿನ್ನಕ್ಕೆ ತುಕ್ಕಿಲ್ಲ, ಆದರೆ ಒರೆಸುವ ಬಟ್ಟೆಯೇ ಅದರ ಶತ್ರು. ವಾರಗಟ್ಟಲೆ ಬಿಟ್ಟು, ಎಣ್ಣೆಯ ವಾರ್ನಿಷನ್ನೇ ಕುಂಚದಿಂದ ಹಚ್ಚಿ. ನಾಲ್ಕುಸಿಲಿಂಡರ್ ಅವರಿಗೆ ತಾಳ್ಮೆಯೊಂದು ಬಿಟ್ಟು ಬೇರೇನೂ ಕಡಿಮೆಯಿರಲಿಲ್ಲ.

ಹೊಸಕುಂಚ

ಗೆರೆಗಳಿಗೆ ಅಂಟುಪಟ್ಟಿ ಹಾಕಿ ಎಳೆದರೆ ತಪ್ಪೇ? ನನ್ನ ಕೈ ನಡುಗುತ್ತದೆ.

ಸುರುಳಿಬಳ್ಳಿ

ತಪ್ಪಲ್ಲ, ಕಾಣುತ್ತದೆ. ಪಟ್ಟಿಯ ಗೆರೆ ಎರಡೂ ಅಂಚಿನಲ್ಲಿ ದಿಣ್ಣೆಯಂತೆ ನಿಲ್ಲುತ್ತದೆ. ಕತ್ತಿಯಾಕಾರದ ಉದ್ದ ಕೂದಲಿನ ಕುಂಚ ತಂದು ಗಾಜಿನ ಮೇಲೆ ದಿನಕ್ಕೆ ಇಪ್ಪತ್ತು ಗೆರೆ ಎಳೆಯಿರಿ, ಒರೆಸಿ. ಕಿರುಬೆರಳು ತಗಡಿನ ಅಂಚಿನ ಮೇಲೆ ಜಾರಲಿ, ಕಣ್ಣು ಕುಂಚದ ತುದಿಗಿಂತ ಒಂದು ಗೇಣು ಮುಂದಿರಲಿ. ಮಣಿಕಟ್ಟು ಅಲ್ಲಾಡಬಾರದು, ನಡೆಯಬೇಕಾದದ್ದು ಕಾಲು. ಇಪ್ಪತ್ತು ದಿನದ ಮೇಲೂ ನಡುಗಿದರೆ ಗಾಲಿಯಿರುವ ಗೆರೆ ಉಪಕರಣ ಇದೆ. ನೇರ ಗೆರೆಗೆ ಅದು ಸಾಕು.

ಹಿತ್ತಾಳೆಗಂಟೆ

ಐದು ತಿಂಗಳಾಯಿತು. ನಡುವೆ ಬರೆಯಲಾಗಲಿಲ್ಲ.

ಬಾನೆಟ್ಟಿನ ಎಡಬದಿ ಪೂರ್ತಿ ತೆರೆದಿದೆ. ಮುಕ್ಕಾಲು ಪಾಲು ಚಿನ್ನ ಉಳಿದಿತ್ತು. ಹೊಸದೇನನ್ನೂ ಸೇರಿಸಿಲ್ಲ, ಬಿ-44 ಮಾತ್ರ. ಎಲೆಗಳ ಕಂದು ಅಂಚು ನೆರಳೇ ಆಗಿತ್ತು. ಎರಡು ಎಲೆಗಳದ್ದನ್ನು ಎಚ್ಚರಿಕೆ ಓದುವ ಮೊದಲೇ ಒರೆಸಿಬಿಟ್ಟಿದ್ದೆ. ಆ ಎರಡು ಈಗ ಚಪ್ಪಟೆಯಾಗಿ ನನ್ನನ್ನೇ ನೋಡುತ್ತವೆ. ಬಲಬದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿತ್ತು. ಅಲ್ಲಿ ಉಳಿದದ್ದನ್ನು ಮುಚ್ಚಿ, ನಕಲು ಹಾಳೆಯಿಂದ ಹೊಸ ಬಳ್ಳಿ ಇಳಿಸಿದೆವು. ಒಂದು ಎಲೆ ಕಡಿಮೆ ಇದ್ದದ್ದನ್ನು ಕಡಿಮೆಯೇ ಇಟ್ಟೆವು. ನೋಡಲು ಬಂದವರಲ್ಲಿ ಒಬ್ಬರಾದರೂ ಅದನ್ನು ನಮ್ಮ ತಪ್ಪೆಂದು ತೋರಿಸದೆ ಹೋಗುವುದಿಲ್ಲ.

7 ಉಳಿಯಿತು. 3ರ ನಕಲು ಹಾಳೆಯನ್ನು ಅಳತೆಗೆ ಸರಿಯಾಗಿ ಪಕ್ಕದ ಗೋಡೆಯ ಮೇಲೆ ತೂಗುಹಾಕಿದ್ದೇವೆ. ಸೀಟಿನ ಹಿಂದೆ ಒರಟು ಕೆಂಪಿನ ಒಂದು ಪಟ್ಟಿ ಕೂದಲಿನ ಸಮೇತ ಹಾಗೇ ಇದೆ, ಅದು ನಾಲ್ಕುಸಿಲಿಂಡರ್ ಅವರ ಪಾಲು.

ಇನ್ನೊಂದು. ಉಪಕರಣ ಪೆಟ್ಟಿಗೆಯ ಮುಚ್ಚಳದ ಒಳಮೈಯನ್ನು ಯಾರೂ ಬಳಿದಿರಲಿಲ್ಲ. ದೂಳು ಒರೆಸಿದರೆ ಅಲ್ಲಿ ಹತ್ತಾರು ಗೆರೆಗಳು, ಅರ್ಧ ಸುರುಳಿಗಳು, ಕುಂಚ ಒರೆಸಿದ ಕಪ್ಪು ಕಲೆ. ಕೈ ಪಳಗಿಸಿಕೊಳ್ಳಲು ಆ ಹಳೆಯ ಚಿತ್ರಕಾರ ಬಳಸಿದ ಜಾಗ. ಮೂಲೆಯಲ್ಲಿ ಒಂದು 3 ಇದೆ, ಬಾಲ ತೀರಾ ಉದ್ದವಾಗಿದೆಯೆಂದು ಅಡ್ಡಗೆರೆ ಹೊಡೆದಿದ್ದಾನೆ.

ಸುರುಳಿಬಳ್ಳಿ

ಅದನ್ನೂ ನಕಲು ಮಾಡಿ. ಒಂದು ಪ್ರತಿ ನನಗೆ ಬೇಕು.

ನಾಲ್ಕುಸಿಲಿಂಡರ್

ಮುಚ್ಚಳಕ್ಕೆ ಯಾರೂ ವಾರ್ನಿಷ್ ಹಚ್ಚಬೇಡಿ. ಮತ್ತೆ, ಐದು ತಿಂಗಳಿಂದ ಕೇಳಬೇಕೆಂದಿದ್ದೇನೆ: ಬ್ರೇಕ್ ಹೇಗಿದೆ?